ದುರ್ಗವ್ವನ ಮಣೆ

ಮಲ್ಲಕ್ಕ ಗಂಡನ ಹಣೆಗೆ ವಿಭೂತಿಯ ಮೂರನೆಯ ಗೆರೆ ಎಳೆಯುತ್ತಿದ್ದಳು. ಎಂಬತ್ತೊಂದು ತುಂಬಿದ ಕುಬೇರಪ್ಪ ಗೋಡೆಗೆ ಒರಗಿ, ಹೊಸ ಧೋತರ ಉಟ್ಟು ಮದುಮಗನ ಹಾಗೆ ಕೂತಿದ್ದ. ಬಂದವರು ಕೂರಲೆಂದು ಓಣಿಯ ಹೆಂಗಸರು ತಂತಮ್ಮ ಮನೆಯ ಮಣೆ ತಂದು ಇಡುತ್ತಿದ್ದರು.

“ಅತ್ತಿ, ಎಲ್ಲಾ ಮಣೀಗೂ ನಡುವ ತೂತು ಯಾಕೈತಿ?” ಗುಡಗೇರಿಯಿಂದ ಬಂದಿದ್ದ ಅಣ್ಣನ ಮಗಳು ಅಮೃತಾ ಕೇಳಿದಳು.

ಹೆಣ ಕೂರಿಸಿದ ಮನೆಯಲ್ಲಿ ನಗಬಾರದು. ಆದರೂ ಪಕ್ಕದ ಮನೆಯ ಗೌಸಬಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. “ಎಲ್ಲಾ ನಿಮ್ಮ ಮಾಮಾನ ಕರಾಮತಿ, ತಾಯಿ!”

ಮಲ್ಲಕ್ಕ ಹೊರಗೆ ನೋಡಿದಳು. ಓಣಿಯೆಲ್ಲ ಬಂದಿತ್ತು. ಎದುರು ಮನೆಯ ದುರ್ಗವ್ವನ ಬಾಗಿಲು ಮಾತ್ರ ಮುಚ್ಚಿತ್ತು.

*

ಎರಡು ವರ್ಷದ ಹಿಂದೆ, ದೇಶ ಸುತ್ತುತ್ತಿದ್ದ ಪರದೇಶದ ಸಿಂಫನಿ ಆರ್ಕೆಸ್ಟ್ರಾ ಒಂದು ಸಂಜೆ ಅಣ್ಣಿಗೇರಿಯ ಅಮೃತೇಶ್ವರ ಗುಡಿಯಲ್ಲಿ ಬಾರಿಸಲು ಬಂತು. ಆರ್ಕೆಸ್ಟ್ರಾ ಅಂದರೆ ಸಿನಿಮಾ ಹಾಡು ಅಂದುಕೊಂಡು ಊರೇ ನೆರೆದಿತ್ತು. ಹೈಸ್ಕೂಲಿನ ಸಿಪಾಯಿಯಾಗಿ ಮೂವತ್ತು ವರ್ಷ ಮುರಿದ ಬೆಂಚು ರಿಪೇರಿ ಮಾಡಿದ್ದ ಕುಬೇರಪ್ಪ ಕುರ್ಚಿ ಜೋಡಿಸಲು ಹೋಗಿದ್ದ.

ಮೊಣಕಾಲ ನಡುವೆ ಇಟ್ಟುಕೊಂಡು ಬಾರಿಸುವ ದೊಡ್ಡ ಪಿಟೀಲಿನವರು ಎಂಟು ಮಂದಿ ಪೇಚಾಡುತ್ತಿದ್ದರು. ಪಿಟೀಲಿನ ಬುಡದ ಕಬ್ಬಿಣದ ಮೊಳೆ ಸವೆದ ಕಲ್ಲಿನ ಮೇಲೆ ನಿಲ್ಲದೆ ಜಾರುತ್ತಿತ್ತು. ಆ ಹಳೆಯ ಕಲ್ಲಿಗೆ ತೂತು ಹೊಡೆಯುವಂತಿರಲಿಲ್ಲ.

“ಮಣಿ ಇದ್ರ ಆತಲ್ಲ!” ಎಂದವನೇ ಕುಬೇರಪ್ಪ ಓಣಿಗೆ ಓಡಿದ. ಏಳು ಮಣೆ ಕೇಳಿ ತಂದ. ದುರ್ಗವ್ವ ಸಂತೆಗೆ ಹೋಗಿದ್ದಳು. ಕಟ್ಟೆಯ ಮೇಲಿದ್ದ ಅವಳ ತವರಿನ ಸಾಗವಾನಿ ಮಣೆಯನ್ನು ಕೇಳದೆಯೇ ಎತ್ತಿದ. ಎಂಟಕ್ಕೂ ತೂತು ಕೊರೆದು ಕುರ್ಚಿಯ ಕಾಲಿಗೆ ಬಿಗಿದ. ಮೊಳೆ ನಿಂತಿತು. ಕಂಬಗಳ ನಡುವೆ ಅರವತ್ತು ವಾದ್ಯಗಳ ದನಿ ಒಮ್ಮೆಲೇ ಎದ್ದಾಗ, ಸಿನಿಮಾ ಹಾಡು ಕೇಳಬಂದವರೂ ಮುಂದೆ ಸರಿದು ಕೂತರು.

ಮರುದಿನ ದುರ್ಗವ್ವ ನಡು ಓಣಿಯಲ್ಲಿ ನಿಂತು ಬೈದಳು. “ನಮ್ಮವ್ವ ಕೊಟ್ಟ ಮಣೀ ಹೊಟ್ಟಿ ಬಗದ್ಯಲ್ಲೋ!” ಕುಬೇರಪ್ಪ ಹೊಸದೊಂದು ಮಾಡಿಕೊಟ್ಟ. ತಿರುಗಿ ಕಳಿಸಿದಳು. ಅಲ್ಲಿಂದ ಮಾತು ನಿಂತಿತು. ಕೊನೆಯವರೆಗೂ ಅವನಿಗೆ ಅದೊಂದು ಕೊರಗು.

*

ಭಜನೆಯವರು ತಾಳ ಕುಟ್ಟಿದರು. ಕುಬೇರಪ್ಪನನ್ನು ಕೂರಿಸಿದ್ದ ಬಿದಿರಿನ ವಿಮಾನವನ್ನು ನಾಲ್ವರು ಹೆಗಲಿಗೇರಿಸುತ್ತಿದ್ದಂತೆ ಎದುರಿನ ಬಾಗಿಲು ತೆರೆಯಿತು. ದುರ್ಗವ್ವ ಬಿರಬಿರನೆ ಬಂದು ಅಡ್ಡ ನಿಂತಳು.

“ಮಲ್ಲಕ್ಕಾ, ಇವಂಗ ಒಂದ್ ಮಾತು ಹೇಳೂದೈತಿ.”

“ಹೇಳ ಯವ್ವಾ. ಇನ್ನೂ ಓಣ್ಯಾಗ ಅದಾರ.”

“ಕುಬೇರಣ್ಣಾ, ಅವತ್ತ ಮಣಿ ಕಸಗೊಂಡು ಬರಬೇಕಂತ ಗುಡೀಗೆ ಬಂದಿದ್ನಿ. ಕೆಂಪು ಕೂದಲಿನ ಹುಡುಗಿ ಅದರ ಮ್ಯಾಲ ಪಿಟೀಲ ಊರಿ, ಕಣ್ಣು ಮುಚ್ಚಿ ಬಾರಸಾಕತ್ತಿದ್ಳು. ಕಂಬದ ಮರಿಗೆ ಕುಂತು ಮುಗಿಯೂತನಾ ಕೇಳೀನಿ.” ದುರ್ಗವ್ವ ವಿಮಾನದ ಹತ್ತಿರ ಸರಿದಳು. “ಎಂಟರಾಗ ನನ್ನ ಮಣೀ ಮ್ಯಾಲಿಂದ ಅಗದಿ ಚೊಲೋ ಕೇಳಸ್ತು. ಸೊಕ್ಕು ನಂದು, ಹೇಳ್ಲಿಲ್ಲ.”

ಗೌಸಬಿ ಈ ಸಲ ಸೆರಗು ಒತ್ತಿಕೊಳ್ಳಲಿಲ್ಲ. ಮಲ್ಲಕ್ಕನೂ ಅಳುತ್ತಲೇ ನಕ್ಕಳು. ಹೊತ್ತವರು ನಗುವಿನಲ್ಲಿ ವಾಲಿದ ವಿಮಾನವನ್ನು ಸರಿಪಡಿಸಿಕೊಂಡು ಹೆಜ್ಜೆ ಹಾಕಿದರು.

ದುರ್ಗವ್ವ ಬಾಜೂಕೇ ನಡೆಯುತ್ತ ಮತ್ತೆ ಶುರು ಮಾಡಿದಳು. “ಆದ್ರೂ ಕೇಳಿ ಒಯ್ಯಬೇಕಿತ್ತು, ಹೌದಿಲ್ಲೋ?”

ತಗ್ಗುದಿಣ್ಣೆಯ ಓಣಿಯಲ್ಲಿ ಕುಬೇರಪ್ಪ ಹೆಜ್ಜೆಗೊಮ್ಮೆ ತಲೆದೂಗುತ್ತ ಸಾಗಿದ.