ಹಳದಿ ಹಾಳೆಯ ಕೆಳಗೆ

ಮೊರಿಹಿಕೊ ತನ್ನ ತಮ್ಮನ ಚಿತ್ರಗಳ ಮೇಲೆ ಹಳದಿ ಹಾಳೆ ಹಾಕಿದ್ದು ಕೆಲಸದ ಹಕ್ಕಿನಿಂದಲೇ. ತೋಕಿಯೊದ ಓಗಿಕುಬೊ ಬಡಾವಣೆಯ ಆ ಅನಿಮೇಷನ್ ಸ್ಟುಡಿಯೋದಲ್ಲಿ ಯಾರು ಏನೇ ಬರೆದರೂ ಕೊನೆಗೆ ಅವನ ಮೇಜಿಗೆ ಬರಬೇಕು. ತಪ್ಪು ಕಂಡಲ್ಲಿ ಅವನು ತೆಳುವಾದ ಹಳದಿ ಹಾಳೆ ಇಟ್ಟು ತಿದ್ದುತ್ತಾನೆ. ಮುಂದಿನವರು ನೋಡುವುದು ಹಳದಿಯನ್ನು ಮಾತ್ರ. ಕೆಳಗಿನ ಬಿಳಿ ಹಾಳೆ ಅಲ್ಲಿಗೆ ಸತ್ತಂತೆ. ಇದಕ್ಕೆಲ್ಲ ಮುಖ ಊದಿಸಿಕೊಂಡು ಕೂತರೆ ಆ ಕಸುಬಿನಲ್ಲಿ ಹೊಟ್ಟೆ ತುಂಬುವುದಿಲ್ಲ.

ಆದರೆ ಹಕ್ಕು ಬೇರೆ, ಹೊಟ್ಟೆಕಿಚ್ಚು ಬೇರೆ. ಎರಡೂ ಒಂದೇ ಪೆನ್ಸಿಲಿನಲ್ಲಿ ಬರೆಯುತ್ತವೆ ಎನ್ನುವುದೇ ತೊಂದರೆ.

ಅವರು ಮಾಡುತ್ತಿದ್ದ ಸಿನಿಮಾದಲ್ಲಿ ಒಬ್ಬರನ್ನೊಬ್ಬರು ಕಂಡರಾಗದ ಅಣ್ಣತಮ್ಮಂದಿರಿದ್ದರು, ಒಂದು ಶಾಪದ ಕತ್ತಿ ಇತ್ತು. ಅದನ್ನು ಹಿಡಿದವನ ಮುಷ್ಟಿ ಮತ್ತೆ ಬಿಚ್ಚುವುದಿಲ್ಲ. ಒಡಹುಟ್ಟಿದವನ ರಕ್ತ ಕುಡಿದ ಮೇಲೇ ಕತ್ತಿ ಕೈಬಿಡುತ್ತದೆ. ಕೊನೆಯಲ್ಲಿ ತಮ್ಮನ ಎದೆಗೆ ಗುರಿಯಿಟ್ಟು ಅಣ್ಣ ನಿಂತಿದ್ದಾನೆ. 'ರಕ್ತವಿಲ್ಲದೆ ಕತ್ತಿ ಬೀಳುತ್ತದೆ' ಎಂದಷ್ಟೇ ನಿರ್ದೇಶಕರು ಬರೆದಿದ್ದರು. ಹೇಗೆ ಬೀಳಬೇಕೆಂಬುದು ಚಿತ್ರ ಬರೆಯುವವನಿಗೆ ಬಿಟ್ಟದ್ದು. ಆ ದೃಶ್ಯವನ್ನು ಅವರು ಐಸಾಕುವಿಗೆ ಕೊಟ್ಟರು, ಮೊರಿಹಿಕೊನ ತಮ್ಮನಿಗೆ.

ಇಬ್ಬರ ಪೈಪೋಟಿ ಇಂದು ನಿನ್ನೆಯದಲ್ಲ. ಅಪ್ಪ ಊರಾದ ಮಾತ್ಸುಮೊತೊದಲ್ಲಿ ಸಿನಿಮಾ ಮಂದಿರಗಳಿಗೆ ಫಲಕ ಬರೆಯುತ್ತಿದ್ದವರು. ಮಕ್ಕಳಿಬ್ಬರಿಗೂ ಒಂದೇ ಕುದುರೆ ಬರೆಯಲು ಹೇಳಿ, ಯಾವುದು ಚೆನ್ನಾಗಿದೆ ಎಂದು ಮಾತ್ರ ಹೇಳುತ್ತಿರಲಿಲ್ಲ. ಮೊರಿಹಿಕೊ ತೋಕಿಯೊಗೆ ಬಂದುಬಿಟ್ಟ. ಅಪ್ಪನಿಗೆ ಲಕ್ವ ಹೊಡೆದ ಮೇಲೂ ಹೊಸವರ್ಷಕ್ಕೊಮ್ಮೆ ಸಿಹಿ ಡಬ್ಬಿ ಹಿಡಿದು ಹೋಗಿ, ಕೆಲಸದ ನೆಪ ಹೇಳಿ ಸಂಜೆಯ ರೈಲಿಗೇ ಹೊರಡುತ್ತಿದ್ದ. ಅಪ್ಪ ತೀರಿಕೊಂಡ ಮೇಲೆ ಐಸಾಕು ತೋಕಿಯೊಗೆ ಬಂದ. ಬಂದವನು ಬೇಗ ಹೆಸರು ಮಾಡಿದ, ಅಣ್ಣನಿಗೆ ಬೇಕಾದ್ದಕ್ಕಿಂತ ಬೇಗ.

ಐಸಾಕು ಬರೆದು ತಂದದ್ದರಲ್ಲಿ ತಮ್ಮ ಕತ್ತಿಗೆ ಹೆದರದೆ ಹತ್ತಿರ ಬರುತ್ತಾನೆ. ಅಣ್ಣನ ಬಿಗಿದ ಬೆರಳುಗಳನ್ನು ಒಂದೊಂದಾಗಿ ಬಿಡಿಸಲು ಶುರುಮಾಡುತ್ತಾನೆ. ಹಾಳೆಗಳನ್ನು ತಿರುವುತ್ತಿದ್ದಂತೆ ಮೊರಿಹಿಕೊನ ಮೈ ಜುಮ್ಮೆಂದಿತು. ತನ್ನ ಕೈಯಿಂದ ಇಂಥದ್ದು ಎಂದೂ ಬಂದಿಲ್ಲ ಎಂದು ಗೊತ್ತಾಯಿತು. ಗೊತ್ತಾದದ್ದೇ ತಿರುವುವುದನ್ನು ಅರ್ಧಕ್ಕೆ ನಿಲ್ಲಿಸಿದ.

"ಇದೇನೋ, ಕತ್ತಿ ಬಿಡಿಸ್ತಿದ್ದಾನೋ, ಮೀನಿನ ಮುಳ್ಳು ತೆಗೀತಿದ್ದಾನೋ?"

"ಕೊನೇವರೆಗೂ ತಿರುವಿ ನೋಡಣ್ಣ."

"ಅಷ್ಟರಲ್ಲಿ ಜನ ಗೊರಕೆ ಹೊಡೀತಾರೆ."

"ಒಂದ್ಸಲ ನೋಡು, ಸಾಕು."

"ನನಗೇ ಪಾಠ ಹೇಳ್ತೀಯೇನೋ?"

ಐಸಾಕು ಕತ್ತು ಉಜ್ಜಿಕೊಂಡ. "ಸರಿ ಬಿಡು. ತಿದ್ದೋನು ನೀನು."

ಮೊರಿಹಿಕೊ ತಿದ್ದಿದ. ಹಳದಿ ಹಾಳೆಯಲ್ಲಿ ಅಣ್ಣ ಒಂದೇ ಏಟಿಗೆ ಕತ್ತಿಯನ್ನು ತಾನೇ ಬೀಸಿ ಎಸೆದ, ತಮ್ಮ ಹಿಂದಕ್ಕೆ ಬಿದ್ದ. ಆ ಬಿಡಿಸುವ ಕೈಗಳು ಉಳಿಯಲಿಲ್ಲ.

ಚಿತ್ರ ಮುಗಿದು, ಕೆಲಸ ಮಾಡಿದವರಿಗೆಲ್ಲ ಮೊದಲ ಪ್ರದರ್ಶನ ಎಂದಾಯಿತು. ಮೊರಿಹಿಕೊ ತಾಯಿ ತೊಮೆಯನ್ನೂ ಕರೆಸಿದ. ಮುಗಿದ ಚಿತ್ರದ ಹಾಳೆಗಳು ರದ್ದಿಗೆ ಹೋಗುವುದು ವಾಡಿಕೆ; ಒಳಗೆಲ್ಲೋ ಚುಚ್ಚುತ್ತಿತ್ತೋ ಏನೋ, ತಮ್ಮ ಬರೆದ ಕಟ್ಟನ್ನು ಅವನು ತೆಗೆದಿಟ್ಟಿದ್ದ. ತಾಯಿಗೆ ಕೊಟ್ಟರೆ ಊರಿಗೆ ಒಯ್ದಾಳು ಎಂದುಕೊಂಡ. ಪ್ರದರ್ಶನದ ದಿನ ಅವಳು ಸ್ಟುಡಿಯೋಗೆ ಬಂದು, ಉಪ್ಪಿನಕಾಯಿ ಜಾಡಿಯನ್ನು ಅವನ ಮೇಜಿನ ಮೇಲಿಟ್ಟು ಕೂತಳು. ಅವನು ಹಳದಿಯೆಲ್ಲ ಕಿತ್ತು, ಬಿಳಿ ಹಾಳೆಗಳನ್ನು ತಿರುವಿ ತೋರಿಸಿದ.

"ಅಯ್ಯೋ, ಇದು ನಿಮ್ಮಪ್ಪನ ಕೈ ಅಲ್ವೇನೋ!"

"ಅಪ್ಪನ ಕೈ?"

"ಲಕ್ವ ಹೊಡೆದ ಮೇಲೆ ಕುಂಚ ಕೊಟ್ರೆ ಹಿಡಿಯೋರು, ಬಿಡೋಕೆ ಬರ್ತಿರ್ಲಿಲ್ಲ. ದಿನಾ ಸಂಜೆ ಐಸಾಕು ಕೂತು ಬಿಡಿಸೋನು. ಕಿರುಬೆರಳು ಮೊದಲು, ಹೆಬ್ಬೆರಳು ಕೊನೆಗೆ. ನಿಂಗೆಲ್ಲಿ ಗೊತ್ತಿರತ್ತೆ, ನೀನು ಹೊರಟುಬಿಡ್ತಿದ್ಯಲ್ಲ. ತಿರುವು, ತಿರುವು."

ಅವಳ ಮಾತಿನಲ್ಲಿ ಕೊಂಕಿರಲಿಲ್ಲ. ಅದಕ್ಕೇ ಹೆಚ್ಚು ನಾಟಿತು. ಅವನು ಮೊದಲ ಸಲ ಕೊನೆಯ ಹಾಳೆಯವರೆಗೆ ತಿರುವಿದ. ಕತ್ತಿ ನೆಲಕ್ಕೆ ಬಿದ್ದಿತ್ತು. ಅಣ್ಣನ ತೆರೆದ ಕೈ ತಮ್ಮನ ಮಣಿಕಟ್ಟಿನ ಮೇಲೆ ಸುಮ್ಮನೆ ಕೂತಿತ್ತು.

"ನಿಮ್ಮಪ್ಪ ಹೀಗೇ ಕೈ ಇಟ್ಕೊಂಡಿರೋರು," ತೊಮೆ ಕಣ್ಣೊರೆಸಿಕೊಂಡಳು. "ಇವತ್ತು ಇದನ್ನ ಪರದೆ ಮೇಲೆ ನೋಡ್ತೀನಲ್ಲ!"

ಮೊರಿಹಿಕೊ ಕಿತ್ತಿಟ್ಟ ಹಳದಿ ಹಾಳೆಗಳ ಕಡೆ ನೋಡಿದ. ಅವಕ್ಕೇ ಬಣ್ಣ ಹಚ್ಚಿ ಆಗಿತ್ತು, ಚಿತ್ರೀಕರಿಸಿ ಆಗಿತ್ತು, ರೀಲು ಡಬ್ಬಿಯಲ್ಲಿ ಕೂತಿತ್ತು. ಇನ್ನು ಯಾರ ಕಾಲು ಹಿಡಿದರೂ ಆಗುವಂಥದ್ದಲ್ಲ.

ಮಂದಿರದ ಮೆಟ್ಟಿಲ ಮೇಲೆ ಐಸಾಕು ಸಿಗರೇಟು ಸೇದುತ್ತಿದ್ದ. ಮೊರಿಹಿಕೊ ಅವನ ಪಕ್ಕ ಕೂತ.

"ಅಪ್ಪನ ಕೈ ಅಂತ ಯಾಕೋ ಹೇಳ್ಲಿಲ್ಲ?"

"ಹೇಳಿದ್ನಲ್ಲಣ್ಣ. ಅಷ್ಟೂ ಹಾಳೇಲಿ ಅದನ್ನೇ ಹೇಳಿದ್ದು." ಐಸಾಕು ಸಿಗರೇಟು ಹೊಸಕಿ ಎದ್ದ. "ನಡಿ, ಅಮ್ಮ ಕಾಯ್ತಿದ್ದಾಳೆ."

ತಾಯಿಯನ್ನು ನಡುವೆ ಕೂರಿಸಿಕೊಂಡು ನೋಡಿದರು. ಆ ದೃಶ್ಯ ಬಂತು. ಕತ್ತಿ ಗಾಳಿಯಲ್ಲಿ ಹಾರಿ ಬಂಡೆಗೆ ಬಡಿದು ಝಣ್ ಎಂದಿತು. ಸ್ಟುಡಿಯೋದವರು ಚಪ್ಪಾಳೆ ತಟ್ಟಿದರು. ಐಸಾಕು ಕೂಡ ತಟ್ಟಿದ, ಮನಸಾರೆ. ತೊಮೆ ಮಾತ್ರ ಮುಂದಕ್ಕೆ ಬಾಗಿ ಕಾಯುತ್ತಲೇ ಇದ್ದಳು. ಪರದೆಯ ಮೇಲೆ ಬೆಳಗಾಯಿತು, ಸಂಗೀತ ಬಂತು, ಹೆಸರುಗಳು ಮೇಲೇರತೊಡಗಿದವು.

"ಆ ಕೈ ಇನ್ನೂ ಬರ್ಲಿಲ್ವಲ್ಲೋ?" ಎಂದು ಹಿರಿಮಗನ ಕಡೆ ತಿರುಗಿದಳು.

ನಾನೇ ತೆಗೆದೆ ಎನ್ನಬೇಕು. ಮೊರಿಹಿಕೊ ಮೇಲೇರುತ್ತಿದ್ದ ಹೆಸರುಗಳನ್ನೇ ನೋಡುತ್ತಾ ಕೂತ. ಆ ಕಡೆಯಿಂದ ಐಸಾಕು ಬಗ್ಗಿದ.

"ಚಿತ್ರ ಉದ್ದ ಆಯ್ತು ಅಂತ ತೆಗೆದ್ರಮ್ಮ. ಯಾರ ತಪ್ಪೂ ಅಲ್ಲ."

"ಹೌದಾ," ಎಂದಳು ತೊಮೆ. "ತೆಗೆದೋರಿಗೆ ಪಾಪ, ಹೇಗೆ ಗೊತ್ತಾಗ್ಬೇಕು. ಅವರೇನು ನಿಮ್ಮಪ್ಪನ್ನ ನೋಡಿದ್ರಾ?"