ರೇಡಿಯೇಟರಿನ ನೀರು

ಆಸ್ಪತ್ರೆಯ ಕಚೇರಿಯಿಂದ ಬಂದ ಕಾಗದದಲ್ಲಿ ಇದ್ದದ್ದು ಮೂರೇ ಸಾಲು. ಮಂಗಳವಾರ ವ್ಯಾನು ನಡುದಾರಿಯಲ್ಲಿ ನಿಂತು ರೋಗಿಗಳಿಗೆ ತೊಂದರೆಯಾಗಿದೆ. ಇದಕ್ಕೆ ಚಾಲಕಿಯ ನಿರ್ಲಕ್ಷ್ಯವೇ ಕಾರಣ. ಮತ್ತೊಮ್ಮೆ ಹೀಗಾದರೆ ಬೇರೆ ವಾಹನ ಗೊತ್ತುಮಾಡಲಾಗುವುದು. ಮೊದಲ ಸಾಲನ್ನೂ ಮೂರನೆಯದನ್ನೂ ವ್ಯಾನಕ್ಕ ಹೇಗೋ ನುಂಗಿಕೊಂಡಳು. ನಡುವಿನದು ಮಾತ್ರ ಮುಳ್ಳಿನ ಹಾಗೆ ಗಂಟಲಲ್ಲೇ ಉಳಿಯಿತು.

ವ್ಯಾನಕ್ಕ ಅಂತ ಹೆಸರಿಟ್ಟವರು ಅವಳ ಪ್ರಯಾಣಿಕರೇ. ವಾರಕ್ಕೆ ಮೂರು ದಿನ, ಡಯಾಲಿಸಿಸ್ ಮಾಡಿಸಿಕೊಳ್ಳುವ ಐದು ಜನರನ್ನು ಮನೆಬಾಗಿಲಲ್ಲೇ ಹತ್ತಿಸಿಕೊಂಡು ಗುಡ್ಡದ ಮೇಲಿನ ಆಸ್ಪತ್ರೆಗೆ ಬಿಡುವುದು, ಮುಗಿದ ಮೇಲೆ ವಾಪಸ್ ಕರೆತರುವುದು ಅವಳ ಕೆಲಸ. ಏಳು ವರ್ಷದಲ್ಲಿ ಒಂದು ದಿನವೂ ತಡವಾದದ್ದಿಲ್ಲ. ಆ ಮಂಗಳವಾರ ಏರು ಅರ್ಧ ಹತ್ತುವಷ್ಟರಲ್ಲಿ ಶಾಖದ ಮುಳ್ಳು ಕೆಂಪು ಗೆರೆ ದಾಟಿತು, ಬಾನೆಟ್ಟಿನ ಸಂದಿಯಿಂದ ಹಬೆ ಬುಸುಗುಟ್ಟಿತು. ರಣಬಿಸಿಲಲ್ಲಿ ಐದು ಜನ ರಸ್ತೆಬದಿಯ ಕಟ್ಟೆಯ ಮೇಲೆ ಮುಕ್ಕಾಲು ಗಂಟೆ ಕೂತರು. ಕಾಲು ಬಾತು ಚಪ್ಪಲಿಯೂ ಹಿಡಿಸದಂತಾಗಿದ್ದ ನಿವೃತ್ತ ಮೇಷ್ಟ್ರು "ಪರವಾಗಿಲ್ಲಮ್ಮ, ಪರವಾಗಿಲ್ಲ" ಅನ್ನುತ್ತಲೇ ಇದ್ದರು. ಅವರು ಬೈದಿದ್ದರೂ ಅಷ್ಟು ನೋಯುತ್ತಿರಲಿಲ್ಲ.

ಕೊನೆಗೆ ಅಲ್ಲಿಗೆ ಬಂದ ಗ್ಯಾರೇಜಿನ ಮೆಕ್ಯಾನಿಕ್ ವ್ಯಾನಿಗೆ ಒಂದಿಷ್ಟು ನೀರು ಸುರಿದು, ಆಸ್ಪತ್ರೆಯ ಮೇಲ್ವಿಚಾರಕ ಫೋನು ಮಾಡಿ ವಿಚಾರಿಸಿದಾಗ ಹೇಳಿದ್ದಿಷ್ಟು: "ಫಸ್ಟ್ ಗೇರಲ್ಲೇ ಒದ್ದಾಡಿಸಿದಾರೆ ಸಾರ್. ಹೆಂಗಸರ ಕೈಗೆ ಗಾಡಿ ಕೊಟ್ರೆ ಇನ್ನೇನಾಗುತ್ತೆ?" ಇದನ್ನು ಅವನು ಅವಳ ಎದುರಿಗೇ, ನಗುತ್ತಾ ಹೇಳಿದ. ಎರಡು ತಿಂಗಳ ಹಿಂದೆ ಸರ್ವೀಸು ಮಾಡಿ, 'ಹಳೆ ಕೂಲೆಂಟ್ ತೆಗೆದು ಹೊಸದು ಹಾಕಲಾಗಿದೆ' ಅಂತ ಚೀಟಿ ಬರೆದುಕೊಟ್ಟವನೂ ಅವನೇ.

"ಅವನು ನನ್ನ ಚಡ್ಡಿ ದೋಸ್ತು ಕಣೇ. ಹೋಗ್ಲಿ ಬಿಡು," ಅಂದ ಗಂಡ.

"ನಿಮ್ಮ ದೋಸ್ತಿಗೆ ನನ್ನ ತಲೆ ಮೇಲೆ ಯಾಕೆ ಗೂಬೆ ಕೂರಿಸ್ತೀರಿ?"

ಗಂಡ ಟವೆಲು ಹುಡುಕುವ ನೆಪದಲ್ಲಿ ಒಳಗೆ ಹೋದ.

ಭಾನುವಾರ ಬೆಳಗ್ಗೆ ಅವಳು ಮನೆಮುಂದಿನ ಸಿಮೆಂಟು ಜಾಗದಲ್ಲಿ ಗೋಣಿಚೀಲ ಹಾಸಿದಳು. ಅವಳಪ್ಪ ಲಾರಿ ಓಡಿಸುತ್ತಿದ್ದವರು. ಎಂಜಿನ್ನು ತಂಪಾಗಿಡಲು ಹಸಿರು ಕೂಲೆಂಟಿನ ಬದಲು ಬರೀ ನೀರು ಹಾಕಿದರೆ ಒಳಗೆ ತುಕ್ಕು ಹಿಡಿಯುತ್ತೆ, ಬಿಸಿ ಇದ್ದಾಗ ಮುಚ್ಚಳ ಬಿಚ್ಚಿದರೆ ಮುಖ ಸುಡುತ್ತೆ, ಇವೆರಡನ್ನೂ ಅವಳು ಅಕ್ಷರ ಕಲಿಯುವ ಮೊದಲೇ ಕಲಿತಿದ್ದಳು. ರಾತ್ರಿಯೆಲ್ಲ ನಿಂತು ಎಂಜಿನ್ನು ತಣ್ಣಗಾಗಿತ್ತು. ಮೊದಲು ಮೇಲಿನ ಮುಚ್ಚಳ ತೆಗೆದಳು. ಆಮೇಲೆ ಅಗಲವಾದ ಪ್ಲಾಸ್ಟಿಕ್ ಟಬ್ಬನ್ನು ಕೆಳಗೆ ತಳ್ಳಿ, ತಾನೂ ನುಸುಳಿದಳು.

ಅತ್ತೆ ಮೆಟ್ಟಿಲ ಮೇಲೆ ಟಾರ್ಚು ಹಿಡಿದು ಕೂತಿದ್ದರು. "ಕಾಲಷ್ಟೇ ಕಾಣ್ತಿದೆ. ನೋಡಿದವರು ಸೊಸೆ ಮೇಲೆ ಗಾಡಿ ಹತ್ತಿಸಿದ್ಲು ಅಂತ ನನ್ನ ಮೇಲೆ ಕೇಸು ಹಾಕ್ತಾರೆ."

"ಬೆಳಕು ಇತ್ತ ಬಿಡಿ ಅತ್ತೆ."

ಟಾರ್ಚಿನ ಬೆಳಕು ರೇಡಿಯೇಟರಿನ ಬುಡಕ್ಕೆ ಬಿತ್ತು. ನೀರು ಇಳಿಸುವ ಪ್ಲಗ್ಗು ಕಾಣಬೇಕಾದ ಜಾಗದಲ್ಲಿ ಕೆಸರಿನ ಗಡ್ಡೆ ಇತ್ತು. ಒಂದೆರಡು ತಿಂಗಳದ್ದಲ್ಲ. ಎಣ್ಣೆ, ಧೂಳು, ಕೆಸರು ಪದರಪದರವಾಗಿ ಕೂತು ಕಲ್ಲಾಗಿತ್ತು. ವರ್ಷಗಳಿಂದ ಯಾರೂ ಅದಕ್ಕೆ ಕೈ ಹಚ್ಚಿರಲಿಲ್ಲ. ವ್ಯಾನಕ್ಕನ ಮೈ ಅಂಗಾಲಿನಿಂದ ನೆತ್ತಿಯವರೆಗೆ ಉರಿಯಿತು. ಮೊಬೈಲು ತೆಗೆದು ನಾಲ್ಕು ಫೋಟೋ ಹೊಡೆದಳು. ಆಮೇಲೆ ಸ್ಕ್ರೂಡ್ರೈವರಿನಿಂದ ಕೆಸರು ಕೆರೆದು, ಪ್ಲಗ್ಗು ತಿರುಗಿಸಿದಳು.

ಹಸಿರು ಬಣ್ಣದ ಒಂದು ಹನಿಯೂ ಬೀಳಲಿಲ್ಲ. ಇಟ್ಟಿಗೆಪುಡಿ ಕದಡಿದಂಥ ಕಂದು ನೀರು ಬಂತು, ಜೊತೆಗೆ ತುಕ್ಕಿನ ಚಕ್ಕೆಗಳು. ಅತ್ತೆ ಬಗ್ಗಿ ನೋಡಿ ಮೂಗು ಮುರಿದರು.

"ಥೂ! ಇದನ್ನ ಕುಡಿಸಿ ಬೆಟ್ಟ ಹತ್ತು ಅಂದ್ರೆ ಯಾವ ಗಾಡಿ ಹತ್ತುತ್ತೆ? ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಲ್ಲೇ ಇವರು!" ಆಮೇಲೆ ಒಳಗೆ ತಿರುಗಿ ಮಗನಿಗೆ ಕೂಗಿದರು, "ಲೋ, ನಿನ್ನ ದೋಸ್ತ್ ಮಾಡಿರೋ ಕೆಲಸ ಬಂದು ನೋಡೋ!"

ಗಂಡ ಬಂದು ಟಬ್ಬನ್ನು ನೋಡಿದ. ಪೈಪು ತಂದು ನಲ್ಲಿಗೆ ಸಿಕ್ಕಿಸಿಕೊಟ್ಟ, ಅಷ್ಟೇ.

ನೀರು ತಿಳಿಯಾಗಿ ಬರುವವರೆಗೆ ಐದು ಸಲ ತುಂಬಿ, ಐದು ಸಲ ಇಳಿಸಿದಳು. ಪ್ಲಗ್ಗು ಬಿಗಿದು, ಕೂಲೆಂಟನ್ನೂ ಡಿಸ್ಟಿಲ್ಡ್ ವಾಟರನ್ನೂ ಸಮಸಮ ಬೆರೆಸಿ ನಿಧಾನಕ್ಕೆ ಹುಯ್ದಳು. ಎಂಜಿನ್ನು ಚಾಲೂ ಮಾಡಿ ಹೀಟರು ಹಾಕಿ, ಒಳಗಿನ ಗಾಳಿ ಗುಳುಗುಳು ಅಂತ ಹೊರಬರುವುದನ್ನು ಕಾದಳು. ಮಟ್ಟ ಇಳಿದಷ್ಟೂ ಮತ್ತೆ ತುಂಬಿದಳು. ಟಬ್ಬಿನ ಹೊಲಸನ್ನು ಚರಂಡಿಗೆ ಚೆಲ್ಲದೆ ಕ್ಯಾನಿಗೆ ತುಂಬಿ ಮುಚ್ಚಳ ಬಿಗಿದಳು. ಮೊದಲು ಇಳಿದದ್ದರಲ್ಲಿ ಒಂದು ಬಾಟಲಿ ಮಾತ್ರ ಬೇರೆ ಎತ್ತಿಟ್ಟಿದ್ದಳು.

ಸೋಮವಾರ ಗ್ಯಾರೇಜಿನ ಶಟರು ಎತ್ತುವ ಹೊತ್ತಿಗೆ ಅವಳು ಅಲ್ಲಿದ್ದಳು. ಬಾಟಲಿಯನ್ನು ಅವನ ಮೇಜಿನ ಮೇಲೆ ಕುಕ್ಕಿದಳು.

"ಏನ್ ಅತ್ತಿಗೆ, ಬೆಳಬೆಳಗ್ಗೆ?" ಅಂದ ಮೆಕ್ಯಾನಿಕ್.

"ನಾನಿಲ್ಲಿ ಅತ್ತಿಗೆ ಅಲ್ಲ, ಗಿರಾಕಿ. ಇದು ನೀವು ಹಾಕಿದ ಹೊಸ ಕೂಲೆಂಟು."

"ಓ ಅದಾ! ಮಂಗಳವಾರ ನೀರು ಸೇರಿಸಿದ್ನಲ್ಲ, ಬಣ್ಣ ಹೋಗಿದೆ."

"ನೀರು ಸೇರಿಸಿದ್ರೆ ಹಸಿರು ತೆಳುವಾಗುತ್ತೆ. ತುಕ್ಕು ಎಲ್ಲಿಂದ ಬರುತ್ತೆ? ಪ್ಲಗ್ಗಿನ ಮೇಲೆ ಇಷ್ಟು ದಪ್ಪ ಕೆಸರು ಇಟ್ಕೊಂಡು ಹಳೇದನ್ನ ಹೇಗೆ ತೆಗೆದ್ರಿ, ಮಂತ್ರ ಹಾಕಿದ್ರಾ?" ಫೋಟೋ ಅವನ ಕಣ್ಣಮುಂದೆ ಹಿಡಿದಳು.

ಅವನ ನಗು ಇಂಗಿತು. "ನೋಡಿ, ಇವೆಲ್ಲ ನಿಮಗೆ ಅರ್ಥವಾಗಲ್ಲ. ಅವನನ್ನ ಕಳಿಸಿ, ನಾವು ಗಂಡಸರು ಮಾತಾಡ್ಕೋತೀವಿ." ಹೇಳಿದ್ದಲ್ಲದೆ ಅವಳ ಗಂಡನಿಗೆ ಫೋನೇ ಹಚ್ಚಿ, ಸ್ಪೀಕರಿಗೆ ಹಾಕಿದ. "ಲೇ, ನಿನ್ನ ಹೆಂಡ್ತಿ ಬಂದು ಗಲಾಟೆ ಮಾಡ್ತಿದಾರೆ. ಸ್ವಲ್ಪ ಬುದ್ಧಿ ಹೇಳು."

ವ್ಯಾನಕ್ಕ ಫೋನಿನ ಕಡೆ ಒಂದು ಹೆಜ್ಜೆ ಇಟ್ಟಳು.

"ವ್ಯಾನು ಅವಳದ್ದು ಕಣೋ," ಅಂತು ಗಂಡನ ದನಿ. "ಆ ನೀರನ್ನ ನಾನೂ ನೋಡಿದೆ. ಕೇಳಿದ್ದಕ್ಕೆ ಅವಳಿಗೇ ಉತ್ತರ ಕೊಡು." ಫೋನು ಕಟ್ಟಾಯಿತು.

ಅವಳಿಗೆ ಸಮಾಧಾನವಾಗುವ ಬದಲು ಇನ್ನೊಂದು ಸಿಟ್ಟು ಹುಟ್ಟಿತು. ಈ ಮಾತು ಮಂಗಳವಾರವೇ ಬಂದಿದ್ದರೆ ಏನಾಗುತ್ತಿತ್ತು?

"ನನಗೆ ದುಡ್ಡು ವಾಪಸ್ ಬೇಡ," ಅಂದಳು. "ಕೂಲೆಂಟ್ ಬದಲಾಯಿಸಿರಲಿಲ್ಲ, ಗಾಡಿ ಕಾದದ್ದು ಅದಕ್ಕೇ, ಚಾಲಕಿಯ ತಪ್ಪಲ್ಲ ಅಂತ ಬರೆದು ಸಹಿ ಹಾಕಿ."

"ಆಗಲ್ಲ. ನನ್ನ ಅಂಗಡಿ ಮರ್ಯಾದೆ ಏನಾಗಬೇಕು?"

ಪಕ್ಕದಲ್ಲಿ ತನ್ನ ಗಾಡಿ ಬಿಡಿಸಿಕೊಂಡು ಹೋಗಲು ಬಂದು ನಿಂತಿದ್ದ ಆಂಬುಲೆನ್ಸಿನ ಡ್ರೈವರು ಇದನ್ನೆಲ್ಲ ಕೇಳಿಸಿಕೊಂಡಿದ್ದ. ಈಗ ಹೋಗಿ, ರಾತ್ರಿಯೆಲ್ಲ ಅಲ್ಲೇ ನಿಂತು ತಣ್ಣಗಿದ್ದ ಆಂಬುಲೆನ್ಸಿನ ಬಾನೆಟ್ಟು ಎತ್ತಿದ, ಮುಚ್ಚಳ ತಿರುಗಿಸಿದ, ಒಳಗೆ ಬೆರಳದ್ದಿದ. ಬೆರಳು ಕಂದಾಗಿ ಬಂತು.

"ನಮಗೂ ಹೊಸದು ಹಾಕಿದೀನಿ ಅಂತ ಬರೆದುಕೊಟ್ಟಿದ್ದೆಯಲ್ಲಪ್ಪ," ಅಂದ ಅವನು, ಬಲು ಮೆಲ್ಲಗೆ. "ಇದರಲ್ಲಿ ನಾನು ಉಸಿರಾಡೋಕೆ ಕಷ್ಟಪಡೋರನ್ನ ಮಲಗಿಸಿಕೊಂಡು ಹೋಗ್ತೀನಿ, ಗೊತ್ತಾ?"

ಮೆಕ್ಯಾನಿಕ್ ಬಾಟಲಿ ನೋಡಿದ, ಬೆರಳು ನೋಡಿದ. ಬಿಲ್ ಪುಸ್ತಕದ ಹಾಳೆ ಹರಿದು ಬರೆದ. 'ಚಾಲಕಿಯ ತಪ್ಪಲ್ಲ' ಅನ್ನುವುದನ್ನು ಬಿಟ್ಟಿದ್ದ. ವ್ಯಾನಕ್ಕ ಹಾಳೆಯನ್ನು ಅವನ ಕಡೆಗೇ ತಳ್ಳಿ, ಅದನ್ನೂ ಬರೆಯುವವರೆಗೆ ಕದಲಲಿಲ್ಲ.

ಮರುದಿನ, ಮಂಗಳವಾರ, ಆಸ್ಪತ್ರೆಯ ಮೇಲ್ವಿಚಾರಕ ಆ ಹಾಳೆಯನ್ನು ಎರಡು ಸಲ ಓದಿ, "ಸರಿ, ಫೈಲಿಗೆ ಸೇರಿಸ್ತೀನಿ," ಅಂದ.

"ಫೈಲಿಗಲ್ಲ ಸಾರ್. ನನ್ನ ಮೇಲೆ ಕಾಗದ ಕಳಿಸಿದ್ರಿ. ತಪ್ಪಾಯ್ತು ಅಂತಾನೂ ಕಾಗದವೇ ಬರಬೇಕು."

"ಅದೆಲ್ಲ ಪದ್ಧತಿ ಇಲ್ಲಮ್ಮ."

"ಯಾರೋ ಫೋನಲ್ಲಿ ಹೇಳಿದ್ದನ್ನ ನಂಬಿ, ನನ್ನನ್ನ ಒಂದು ಮಾತು ಕೇಳದೆ ನಿರ್ಲಕ್ಷ್ಯ ಅಂತ ಬರೆಯೋದು ಪದ್ಧತೀನಾ?"

ಅವಳ ದನಿ ಹೊರಗಿನ ಬೆಂಚಿನವರೆಗೂ ಕೇಳಿತು. ಬಾಗಿಲ ಹತ್ತಿರ ಕೋಲೂರಿಕೊಂಡು ಮೇಷ್ಟ್ರು ನಿಂತರು. ಹಿಂದೆ ಇನ್ನಿಬ್ಬರು ಪ್ರಯಾಣಿಕರು. ಮೇಲ್ವಿಚಾರಕ ಅವರನ್ನು ನೋಡಿ ಕಂಪ್ಯೂಟರಿನ ಕಡೆ ತಿರುಗಿದ.

ಹೊಸ ಕಾಗದ ಎರಡು ಸಾಲಿನದು. 'ನಿರ್ಲಕ್ಷ್ಯ' ಎಂಬುದನ್ನು ಹಿಂತೆಗೆದುಕೊಳ್ಳಲಾಗಿದೆ ಅಂತಿತ್ತು. ಕ್ಷಮಿಸಿ ಅನ್ನುವ ಮಾತು ಎಲ್ಲೂ ಇರಲಿಲ್ಲ. ಹಿಂದಿರುಗುವ ದಾರಿಯಲ್ಲಿ ಮೇಷ್ಟ್ರು ಮುಂದಿನ ಸೀಟಿನಲ್ಲಿ ಕೂತು ಕನ್ನಡಕ ಏರಿಸಿ ಅದನ್ನು ಓದಿದರು.

"ಗೆದ್ದೆಯಲ್ಲಮ್ಮ. ಇನ್ನೂ ಯಾಕೆ ಮುಖ ಗಂಟು?"

"ನಾನು ಗೆಲ್ಲೋಕೆ ಹೋಗಿರಲಿಲ್ಲ ಸಾರ್," ಅಂದಳು ವ್ಯಾನಕ್ಕ. "ಮಾಡದ ತಪ್ಪನ್ನ ಅಳಿಸೋಕೆ ಒಂದು ಭಾನುವಾರ, ಒಂದು ಸೋಮವಾರ ನಾನ್ಯಾಕೆ ಕಳೀಬೇಕಿತ್ತು, ಅದನ್ನ ಹೇಳಿ."

ಮೇಷ್ಟ್ರು ಕಾಗದವನ್ನು ಮಡಚಿ, ಜೋಪಾನವಾಗಿ ಅವಳ ಕೈಗೆ ಕೊಟ್ಟರು.