ಎರಡಾಳು ನೀರು

ಮೂಡಲಪಾಳ್ಯದ ಮುನಿರಾಜು ಬೆಳಗಿನ ವಾಕಿಂಗಿಗೆ ಹೊರಟರೆಂದರೆ ನಡೆಯುತ್ತಿದ್ದುದು ರಸ್ತೆಯ ಮೇಲಲ್ಲ, ಕೆರೆಯ ಮೇಲೆ. ಅವರ ಹುಡುಗಾಟದ ಕೆರೆ ಬತ್ತಿ, ಮುಚ್ಚಿ, ಬಡಾವಣೆಯಾಗಿ ನಲವತ್ತು ವರ್ಷ ಕಳೆದಿತ್ತು. ಅವರ ಮನಸ್ಸಿನಲ್ಲಿ ಮಾತ್ರ ಅದು ಇನ್ನೂ ಕೋಡಿ ಹರಿಯುತ್ತಿತ್ತು. ಮೆಡಿಕಲ್ ಸ್ಟೋರ್ ಇರುವುದು ತೂಬಿನ ಪಕ್ಕ, ಅಪಾರ್ಟ್‌ಮೆಂಟಿನ ಗೇಟು ಎಮ್ಮೆ ತೊಳೆಯುತ್ತಿದ್ದ ಜಾಗ. ದರ್ಶಿನಿ ಹೋಟೆಲಿನ ಮುಂದೆ ಕಾಫಿ ಹಿಡಿದು ನಿಂತರೆ ಸಿಕ್ಕವರಿಗೆಲ್ಲ ಅದೇ ಕಥೆ.

"ಇಲ್ಲಿ ಎರಡಾಳು ನೀರಿತ್ತು ಸಾರ್. ಈ ಕಡೆ ಧುಮುಕಿದ್ರೆ ಆ ಬ್ಯಾಂಕ್ ಹತ್ರ ಏಳ್ತಿದ್ದೆ. ಒಂದೇ ಉಸ್ರು!"

ಇಡ್ಲಿ ತಿನ್ನುತ್ತಿದ್ದವರು ತಮ್ಮ ತಲೆಯ ಮೇಲೆ ನೀರಿದೆಯೇನೋ ಎಂಬಂತೆ ಒಮ್ಮೆ ಮೇಲೆ ನೋಡಿ, ಮತ್ತೆ ಚಟ್ನಿಯ ಕಡೆ ಗಮನ ಕೊಡುತ್ತಿದ್ದರು.

ಹೆಂಡತಿ ಪಾಪಮ್ಮ ಆ ಮನೆಗೆ ಸೊಸೆಯಾಗಿ ಬರುವ ಹೊತ್ತಿಗೆ ಕೆರೆಯಂಗಳದಲ್ಲಿ ಸೈಟುಗಳ ಕಲ್ಲು ನೆಟ್ಟಾಗಿತ್ತು. ಗಂಡ ಈಜಿದ್ದನ್ನು ಆಕೆ ಕಣ್ಣಾರೆ ಕಂಡವಳಲ್ಲ, ಮೂವತ್ತೈದು ವರ್ಷದಿಂದ ಕಿವಿಯಾರೆ ಕೇಳಿದವಳು. ನೀರೆಂದರೆ ಅಂಜಿಕೆ ಇದ್ದರೂ ಆಕೆಗೊಂದು ಆಸೆಯಿತ್ತು. "ಒಂದ್ಸಲ ದೋಣಿ ಹತ್ತಿಸ್ರೀ. ನೀರಿನ್ ಮಧ್ಯ ಹೋಗಿ ನೋಡ್ಬೇಕು, ಹೆಂಗಿರುತ್ತೆ ಅಂತ."

ಮದುವೆಯಾಗಿ ಮೂವತ್ತೈದು ವರ್ಷ ತುಂಬಿದ ದಿನ ಮುನಿರಾಜು ಕಾರು ತೆಗೆದರು. ಮಾಗಡಿ ರಸ್ತೆ ಹಿಡಿದು, ಸುಂಕದಕಟ್ಟೆಯ ಬಸ್ಸುಗಳ ನಡುವೆ ನುಸುಳಿ, ಊರು ಹಿಂದಕ್ಕೆ ಸರಿದ ಮೇಲೆ ಗುಡ್ಡಗಳ ನಡುವಿನ ಜಲಾಶಯವೊಂದರ ದಡಕ್ಕೆ ಬಂದರು. ಮಂಜು ಇನ್ನೂ ಪೂರ್ತಿ ಕರಗಿರಲಿಲ್ಲ. ನೀರು ಎಲ್ಲಿ ಮುಗಿಯಿತು, ಆಕಾಶ ಎಲ್ಲಿ ಶುರುವಾಯಿತು ಎಂದು ತಿಳಿಯದ ಹಾಗೆ ಎಲ್ಲವೂ ಒಂದೇ ಬೂದುಬಣ್ಣವಾಗಿತ್ತು.

ತೆಪ್ಪ ನಡೆಸುವ ಬೈರಯ್ಯ ತನ್ನ ಬುಟ್ಟಿಯಂಥ ದುಂಡು ತೆಪ್ಪವನ್ನು ದಡಕ್ಕೆ ಎಳೆದು, ಎರಡು ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ಚಾಚಿದ.

"ಹಾಕ್ಕೊಳಿ ಸಾರ್."

ಮುನಿರಾಜು ಅದನ್ನು ಮೂಸಿ ಮುಖ ಸಿಂಡರಿಸಿದರು. "ಯಾರ್ಯಾರ ಬೆವರೋ ಏನೋ. ಇದು ಈಜು ಬರ್ದೇ ಇರೋರ್ಗೆ ಕಣಪ್ಪ. ನಾನು ಕೆರೆ ಏರಿ ಮೇಲೇ ಹುಟ್ಟಿ ಬೆಳ್ದೋನು."

"ಈಜು ಬರ್ದೇ ಇರೋರು ಹೆದರ್ಕೊಂಡು ಸುಮ್ನೆ ಕೂತಿರ್ತಾರೆ ಸಾರ್. ನಾನು ಇವತ್ತಿನ್ ವರ್ಗೂ ನೀರಿಂದ ಎಳೆದು ಹಾಕಿರೋರೆಲ್ಲ ಬರುತ್ತೆ ಅಂದೋರೇ. ಹಾಕ್ಕೊಳ್ದೇ ಇದ್ರೆ ತೆಪ್ಪ ಬಿಡಲ್ಲ."

ಒಳ್ಳೆಯ ದಿನ ಜಗಳವೇಕೆ ಎಂದು ಮುನಿರಾಜು ತೊಟ್ಟುಕೊಂಡರು. ಪಾಪಮ್ಮನೂ ತೊಟ್ಟಳು. ತೆಪ್ಪ ಸದ್ದಿಲ್ಲದೆ ದಡ ಬಿಟ್ಟಿತು.

ನೀರಿನ ನಡುವೆ ಬಂದಾಗ ಲೋಕವೇ ದೂರವಾದಂತಾಯಿತು. ಗುಡ್ಡಗಳು ಮಂಜಿನಲ್ಲಿ ತೇಲುತ್ತಿದ್ದವು. ಮುನಿರಾಜು ಅಂಚಿನಿಂದ ಬಗ್ಗಿ ನೋಡಿದರು. ಹಸಿರು ಕತ್ತಲೆಯ ಕೆಳಗೆ ತಮ್ಮ ಕೆರೆಯೇ ಇದೆ ಅನ್ನಿಸಿತು. ಅಗೋ ತೂಬು. ಅಗೋ ಎಮ್ಮೆಯ ಬೆನ್ನು. ಏರಿಯ ಮೇಲಿಂದ ಅವ್ವ ಊಟಕ್ಕೆ ಕೂಗುತ್ತಿದ್ದಾಳೆ. ಅಯ್ಯೋ, ಎಷ್ಟು ವರ್ಷವಾಗಿತ್ತು ಈ ವಾಸನೆ ಕುಡಿದು! ಅವರ ಕಣ್ಣು ತುಂಬಿ ಬಂದವು. ಎದೆಗೆ ಬಿಗಿದ ಜಾಕೆಟ್ಟು ಅವರನ್ನೂ ನೀರನ್ನೂ ಬೇರೆ ಮಾಡಿದಂತಿತ್ತು. ಪಟಪಟನೆ ಬಕಲ್ ಬಿಚ್ಚಿ ಅದನ್ನು ಕಾಲ ಬಳಿ ಹಾಕಿದರು.

ಪಾಪಮ್ಮ ಗಂಡನ ಮುಖ ನೋಡಿದಳು. ಆಮೇಲೆ ತಾನೂ ಬಿಚ್ಚಿದಳು.

"ಏನಮ್ಮಾ, ನೀವೂ ಬಿಚ್ಬುಟ್ರಾ?" ಬೈರಯ್ಯ ಗದರಿದ.

"ಇವರಿದಾರಲ್ಲಪ್ಪ," ಎಂದಳು ಪಾಪಮ್ಮ.

ಆ ಮಾತಿಗೆ ಮುನಿರಾಜು ಎಷ್ಟು ಉಬ್ಬಿದರೆಂದು ಹೇಳಲಾಗದು. ಮೂವತ್ತೈದು ವರ್ಷದ ದಾಂಪತ್ಯದಲ್ಲಿ ಅವರಿಗೆ ಸಿಕ್ಕ ದೊಡ್ಡ ಪದಕವೇ ಅದು.

"ಇಬ್ರೂ ಹಾಕ್ಕೊಳಿ, ಇಲ್ದಿದ್ರೆ ದಡಕ್ಕೆ ವಾಪಸ್," ಎಂದು ಬೈರಯ್ಯ ತೆಪ್ಪ ತಿರುಗಿಸತೊಡಗಿದ. ಅಷ್ಟರಲ್ಲಿ ಗುಡ್ಡದ ಸಂದಿನಿಂದ ಗಾಳಿ ಎದ್ದಿತು. ನೀರು ಮುಟ್ಟಲು ಮತ್ತಷ್ಟು ಬಗ್ಗಿದ್ದ ಮುನಿರಾಜು, ತೆಪ್ಪ ಒಂದು ಕಡೆಗೆ ವಾಲಿದ್ದೇ ತಡ, ತಲೆಕೆಳಗಾಗಿ ನೀರಿನೊಳಗೆ ಹೋದರು.

ಮೊದಲು ಅವರಿಗೆ ಭಯವೇ ಆಗಲಿಲ್ಲ. ಮೇಲೆ ಬಂದು ಕೈ ಬೀಸಿದರು. ಒಂದು, ಎರಡು, ಮೂರು. ನಾಲ್ಕನೆಯದಕ್ಕೆ ಬಲಭುಜ ಮೇಲೇಳಲಿಲ್ಲ. ಬಟ್ಟೆ ಭಾರವಾಯಿತು, ಉಸಿರು ಗಂಟಲಲ್ಲೇ ಕಟ್ಟಿತು, ಬಾಯಿಗೆ ನೀರು ನುಗ್ಗಿತು. ನೆನಪಿನಲ್ಲಿ ಈಜುತ್ತಿದ್ದವನಿಗೆ ಇಪ್ಪತ್ತು ವರ್ಷ, ನೀರಿನಲ್ಲಿದ್ದವರಿಗೆ ಅರವತ್ತೆರಡು. ತೆಪ್ಪ ನಾಲ್ಕು ಮಾರು ದೂರ ಸರಿದಿತ್ತು.

ಆಗ ಅವರಿಗೆ ಪಾಪಮ್ಮ ಕಂಡಳು. ಎದ್ದು ನಿಂತಿದ್ದಾಳೆ. ಜಾಕೆಟ್ಟಿಲ್ಲ. ತೆಪ್ಪ ತೂಗಾಡುತ್ತಿದೆ. ಎರಡೂ ಕೈ ಚಾಚಿ, "ಬಂದೆ ರೀ, ಬಂದೆ," ಎನ್ನುತ್ತ ಅಂಚಿನ ಮೇಲೆ ಕಾಲಿಡುತ್ತಿದ್ದಾಳೆ.

ಗಂಡನಿರುವ ಕಡೆ ನೀರು ಏನೂ ಮಾಡದು ಎಂದು ನಂಬಿಸಿದವರು ಅವರೇ ಅಲ್ಲವೇ? ಮುನಿರಾಜುವಿಗೆ ತಾವು ಮುಳುಗುತ್ತಿರುವುದೇ ಮರೆತುಹೋಯಿತು. ಉಳಿದಿದ್ದ ಉಸಿರನ್ನೆಲ್ಲ ಒಟ್ಟುಮಾಡಿ ಕೂಗಿದರು.

"ಕೂತ್ಕೊಳೇ! ಬರ್ಬೇಡ! ನಂಗೆ ಈಜಕ್ಕೆ ಬರಲ್ಲ ಕಣೇ!"

ಪಾಪಮ್ಮ ಕುಸಿದು ಕುಳಿತಳು. ಬೈರಯ್ಯ ಮುನಿರಾಜು ಬಿಚ್ಚಿಹಾಕಿದ್ದ ಜಾಕೆಟ್ಟಿಗೆ ತೆಪ್ಪದ ಹಗ್ಗ ಕಟ್ಟಿ ಬೀಸಿ ಎಸೆದ. ಎರಡನೆಯ ಸಲಕ್ಕೆ ಅದು ಅವರ ಕೈಗೆ ಸಿಕ್ಕಿತು.

"ಮೇಲೆ ಹತ್ಬೇಡಿ ಸಾರ್, ತೆಪ್ಪ ಮಗುಚ್ಕೊಳುತ್ತೆ. ತಬ್ಕೊಂಡಿರಿ, ಅಷ್ಟೇ. ಅಮ್ಮಾ, ನೀವು ಮೊದ್ಲು ನಿಮ್ದು ಹಾಕ್ಕೊಳಿ!"

ಮುನಿರಾಜು ಯಾರ್ಯಾರದೋ ಬೆವರಿನ ಜಾಕೆಟ್ಟಿಗೆ ಗಲ್ಲ ಒತ್ತಿ, ಕಣ್ಣು ಮುಚ್ಚಿ, ದಡದವರೆಗೂ ಎಳೆಸಿಕೊಂಡು ಬಂದರು.

ದಡದಲ್ಲಿ ಬೈರಯ್ಯ ಕಂಬಳಿ ಹೊದಿಸಿ, ಬಿಸಿ ಟೀ ಕೊಟ್ಟ.

"ನಿಜ್ವಾಗ್ಲೂ ಬರಲ್ವಾ?" ಪಾಪಮ್ಮ ಕೇಳಿದಳು.

"ಬರ್ತಿತ್ತು," ಎಂದರು ಮುನಿರಾಜು. "ಈಗ ಬರಲ್ಲ." ನಲವತ್ತು ವರ್ಷದಲ್ಲಿ ಹೀಗೆ ಹೇಳಿದ್ದು ಅದೇ ಮೊದಲು. ಹೇಳಿ ಮುಗಿದ ಮೇಲೆ ಅವರಿಗೆ ನಾಚಿಕೆಗಿಂತ ಹೆಚ್ಚಾಗಿ ಒಂದು ಬಗೆಯ ಹಗುರವೇ ಆಯಿತು.

ಮಂಜು ಕರಗಿ ನೀರು ಹೊಳೆಯತೊಡಗಿತ್ತು. ಪಾಪಮ್ಮ ಅದನ್ನೇ ನೋಡುತ್ತಿದ್ದಳು. ಆಕೆಯ ಆಸೆ ಅರ್ಧಕ್ಕೇ ನಿಂತಿತ್ತು. ಮುನಿರಾಜು ಎದ್ದು ಬೈರಯ್ಯನ ಬಳಿ ಹೋದರು.

"ಇನ್ನೊಂದ್ಸಲ ಕರ್ಕೊಂಡ್ ಹೋಗ್ತೀಯೇನಪ್ಪ?"

"ಗಾಳಿ ನಿಲ್ಲೋವರ್ಗೂ ಇಲ್ಲ ಸಾರ್."

"ನಿಲ್ಲಲಿ. ಕಾಯ್ತೀವಿ."

ಒಂದು ಗಂಟೆ ಕಳೆದ ಮೇಲೆ ಗಾಳಿ ನಿಂತಿತು. ಮುನಿರಾಜು ಹೆಂಡತಿಯ ಜಾಕೆಟ್ಟಿನ ಬಕಲ್‌ಗಳನ್ನು ತಾವೇ ಹಾಕಿ, ಭುಜದ ಬಳಿ ಹಿಡಿದೆತ್ತಿ, ಸಡಿಲವಾಗಿಲ್ಲವಷ್ಟೇ ಎಂದು ನೋಡಿದರು. ಆಮೇಲೆ ತಮ್ಮದನ್ನು ತೊಟ್ಟು, ಬಿಗಿಯಲೆಂದು ಎರಡೂ ಕೈ ಎತ್ತಿ ಆಕೆಯ ಮುಂದೆ ನಿಂತರು.

"ಹೆದ್ರಿಕೆ ಆಗ್ತಿದೆ ಕಣೇ," ಎಂದರು ಮೆಲ್ಲಗೆ.

ಪಾಪಮ್ಮ ಪಟ್ಟಿಯನ್ನು ಎಳೆದು ಬಿಗಿದಳು. "ನಂಗೆ ಆವಾಗ್ಲೇ ಆಗ್ತಿತ್ತು. ಹಾಕ್ಕೊಂಡೇ ಇದ್ರೆ, ನಿಮ್ಮ ಈಜಿನ ಮೇಲೆ ನಂಬ್ಕೆ ಇಲ್ಲ ಅಂತ ನೀವು ಬೇಜಾರ್ ಮಾಡ್ಕೋತೀರಲ್ಲ, ಅದಕ್ಕೇ ಬಿಚ್ಚಿದ್ದು."